ಪದಚರ್ಚೆ: ವರ್ಟ್ 'ಆರಿಸು'ವುದೋ, 'ತಣಿಸು'ವುದೋ?

ಪ್ರಶ್ನೆ (ಕಾರವಾರ): ಬಿಯರ್ ತಯಾರಿಕೆಯ ಕೈಪಿಡಿಯೊಂದರ ಅನುವಾದದಲ್ಲಿ 'ವರ್ಟ್ ಚಿಲ್ಲರ್' (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದು ಕುದಿಸಿದ ಸಿಹಿರಸವಾದ ವರ್ಟನ್ನು ತಣ್ಣಗಾಗಿಸುವ ಕೊಳವೆ) ಎಂಬುದಕ್ಕೆ 'ವರ್ಟ್ ಆರಿಸುವ ಸುರುಳಿ' ಎಂದು ಬರೆದಿದೆ. 'ಆರಿಸು' ಅಂದರೆ ಆಯ್ದುಕೊಳ್ಳುವುದೂ ಆಗುತ್ತದಲ್ಲ ಎಂಬ ತಕರಾರು ಬಂದಿದೆ. 'ಭಟ್ಟಿ ಸುರುಳಿ' ಎಂದರೆ ಹೇಗೆ? ವರ್ಟಿಗೆ 'ಕಷಾಯ' ಸಾಕೇ?

ಉತ್ತರ (ಶಿರಸಿ): ಆಯ್ದುಕೊಳ್ಳುವ ತಕರಾರು ದೊಡ್ಡದಲ್ಲ ಮಾರಾಯ್ರೆ. ಬಿಸಿ ಇಳಿಯುವ 'ಆರು' ಹಳಗನ್ನಡದಲ್ಲಿ ಱಕಾರದ 'ಆಱು'. ಆಯುವುದಕ್ಕೂ ಅದಕ್ಕೂ ನಂಟಿಲ್ಲ. ತೊಡಕಿರುವುದು ಬೇರೆ ಕಡೆ. ಕಾಪಿ ಆರಿಸುತ್ತೇವೆ, ಅನ್ನ ಹರವಿ ಆರಿಸುತ್ತೇವೆ, ಬಟ್ಟೆ ಆರಿಸುತ್ತೇವೆ. ಮೂರರಲ್ಲೂ ಗಾಳಿಗೆ ಒಡ್ಡುವ, ತನ್ನಷ್ಟಕ್ಕೆ ಬಿಡುವ ಅರ್ಥವಿದೆ. ಕುದಿ ನಿಂತ ವರ್ಟಿಗೆ ಮಾಡಬಾರದ್ದು ಅದನ್ನೇ. 80 ಡಿಗ್ರಿಯ ಮೇಲೆ ಬಹಳ ಹೊತ್ತು ನಿಂತರೆ ಬೇಯಿಸಿದ ಮೆಕ್ಕೆಜೋಳದ ವಾಸನೆಯ ಡೈಮೀಥೈಲ್ ಸಲ್ಫೈಡ್ ಹುಟ್ಟುತ್ತಲೇ ಇರುತ್ತದೆ, ಬಿಯರಿಗೆ ಕಹಿ ಕೊಡಲು ಹಾಕುವ ಹಾಪ್ಸ್ ಹೂವಿನ ಕಹಿಯೂ ಏರುತ್ತದೆ. 60ರಿಂದ ಕೆಳಗೆ ಬಂದರೆ ಬ್ಯಾಕ್ಟೀರಿಯಾಕ್ಕೂ ಕಾಡು ಯೀಸ್ಟಿಗೂ ಹಬ್ಬ. ಬೇಗ, ಮುಚ್ಚಿಟ್ಟು, ನಾವಾಗಿಯೇ ಬಿಸಿ ಎಳೆಯುವ ಕೆಲಸ ಇದು. ಹಾಗಾಗಿ 'ತಣಿಸು' ಸರಿ. 20 ಡಿಗ್ರಿಗೆ ಇಳಿದ ಮೇಲೆ ಯೀಸ್ಟಿಗೆಂದು ಗಾಳಿ ಬೇಕು. ಅಲ್ಲಿ 'ಗಾಳಿಯಾಡಿಸು' ಎಂದೇ ಬರೆಯಿರಿ.

'ಭಟ್ಟಿ ಸುರುಳಿ' ಬೇಡವೇ ಬೇಡ. ಗೋವೆಯ ಗಡಿಯಲ್ಲಿರುವ ನಿಮಗೆ ಭಟ್ಟಿ ಎಂದೊಡನೆ ಫೆನ್ನಿ ನೆನಪಾಗುತ್ತದೆ. ಅಂಥ ಭಟ್ಟಿಯ ಸುರುಳಿಯಲ್ಲಿ ಹಬೆ ಒಳಗೆ, ನೀರು ಹೊರಗೆ. ಇಲ್ಲಿ ತಿರುವುಮುರುವು: ನೀರು ಕೊಳವೆಯೊಳಗೆ, ವರ್ಟ್ ಹೊರಗೆ. ತಲೆಹೊರೆಗೆ ಇಡುವ ಸಿಂಬೆಯ ಹಾಗೆ ಸುತ್ತಿದ ಕೊಳವೆ ತಾನೇ? 'ತಣಿಸುವ ಸಿಂಬೆ' ಎನ್ನಿ.

ಕೈಪಿಡಿಯಲ್ಲಿ ಇದೂ ಸ್ಪಷ್ಟವಾಗಿರಲಿ. 20 ಲೀಟರಿಗೆ 3/8 ಇಂಚಿನ ತಾಮ್ರದ ಕೊಳವೆ 8ರಿಂದ 15 ಮೀಟರ್. ಕುದಿಯ ಕೊನೆಯ 15 ನಿಮಿಷ ಸಿಂಬೆ ಪಾತ್ರೆಯೊಳಗೇ ಇದ್ದರೆ ಅದೂ ಶುದ್ಧವಾಗುತ್ತದೆ. ಪೈಪಿನ ಜೋಡಣೆ ಪಾತ್ರೆಯ ಅಂಚಿನಾಚೆಗಿರಬೇಕು. ಕ್ಲಿಪ್ ಸಡಿಲಾಗಿ ಹನಿ ಬಿದ್ದರೆ ಕುದಿಯದ ನೀರು ವರ್ಟಿಗೆ ಸೇರಿತೆಂದೇ ಲೆಕ್ಕ. ಸಿಂಬೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಿರಬೇಕು, ಇಲ್ಲದಿದ್ದರೆ ಕೊಳವೆಗೆ ತಾಗಿದ ವರ್ಟ್ ಮಾತ್ರ ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ.

ಕರಾವಳಿಯ ಬೇಸಿಗೆಗೆ ಒಂದು ಮಾತು ಸೇರಿಸಲೇಬೇಕು. ನಲ್ಲಿ ನೀರು 30 ಡಿಗ್ರಿ ಇದ್ದರೆ ವರ್ಟ್ 30ರ ಕೆಳಗೆ ಇಳಿಯದು, ಎಷ್ಟು ಹೊತ್ತು ಹರಿಸಿದರೂ ನೀರು ದಂಡ. ನಲ್ಲಿ ನೀರಿನಿಂದ 35ಕ್ಕೆ ತನ್ನಿ. ಆಮೇಲೆ ಬಕೆಟ್ಟಿನ ಐಸ್ ನೀರನ್ನು ಸಣ್ಣ ಕೂಲರ್ ಪಂಪಿನಿಂದ ಸಿಂಬೆಯಲ್ಲಿ ಸುತ್ತಿಸಿ. 35ರಿಂದ 20ಕ್ಕೆ 20 ಲೀಟರಿಗೆ ಸುಮಾರು 300 ಕಿಲೋಕ್ಯಾಲರಿ ತೆಗೆಯಬೇಕು. ಕಿಲೋ ಐಸ್ ಕರಗುವಾಗ 80 ಹೀರುತ್ತದೆ, ಅಂದರೆ ನಾಲ್ಕು ಕಿಲೋಕ್ಕೆ ತುಸು ಕಡಿಮೆ. ಹೊರಗಿನ ಬಿಸಿಗೆ ಕರಗುವುದನ್ನೂ ಹಿಡಿದು ಆರು ಕಿಲೋ ಇಟ್ಟುಕೊಳ್ಳಿ. ಕುದಿಯಿಂದಲೇ ಐಸ್ ಶುರುಮಾಡಿದರೆ 20 ಕಿಲೋ ಬೇಕಾದೀತು. ಮೀನಿನ ಐಸ್ ಬಕೆಟ್ಟಿಗೆ ನಡೆಯುತ್ತದೆ, ವರ್ಟಿಗೆ ಮಾತ್ರ ಬೀಳಬಾರದು.

'ಕಷಾಯ' ಎಂದರೆ ನಮ್ಮ ಕಡೆ ಕೊತ್ತಂಬರಿ-ಜೀರಿಗೆಯ ಬಿಸಿ ಕಷಾಯವೇ ಮೊದಲು ನೆನಪಿಗೆ ಬರುತ್ತದೆ. ಕಬ್ಬಿನ ಹಾಲಿನಂತೆ 'ಮಾಲ್ಟ್ ಹಾಲು' ಎನ್ನಬಹುದಿತ್ತು, ಆದರೆ ಓದುಗರು ಹಾಲಿಗೆ ಹಾಕುವ ಮಾಲ್ಟ್ ಪುಡಿ ಅಂದುಕೊಂಡಾರು. 'ವರ್ಟ್' ಇರಲಿ, ಮೊದಲ ಸಲ 'ಮಾಲ್ಟಿನ ಸಿಹಿರಸ' ಎಂದು ವಿವರಿಸಿ. ಬೇಗ ತಣಿಸಿದಾಗ ಪ್ರೋಟೀನು ಹಾಲು ಒಡೆದ ಹಾಗೆ ಚೂರುಚೂರಾಗುತ್ತದಲ್ಲ, ಅದಕ್ಕೆ 'ತಣಿ ಒಡಕು'. ಅಡಿಯಲ್ಲಿ ಕೂರುವುದು ಗಷ್ಟು.