ಕಾಸಾಯ್ ಆಪರೇಷನ್ ಆಗಿದೆ, ಇನ್ನು ಏನನ್ನು ಗಮನಿಸಬೇಕು?

ಕುಮಟಾದ ಮಾವ:
ಅಕ್ಕನ ಮಗಳಿಗೆ ಹುಟ್ಟಿದಾಗಿನಿಂದ ಕಾಮಾಲೆ ಇಳಿಯಲೇ ಇಲ್ಲ. ಬೆಳಗಿನ ಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ ಎಂದೇ ಎಲ್ಲರೂ ಹೇಳಿದರು. ಮಲ ಬಿಳಿಚಿಕೊಂಡಿತ್ತು, ಉಚ್ಚೆ ತಾಗಿದ ಬಟ್ಟೆಯಲ್ಲಿ ಹಳದಿ ಕಲೆ ಉಳಿಯುತ್ತಿತ್ತು. ಕೊನೆಗೆ ಬಿಲಿಯರಿ ಅಟ್ರೇಸಿಯಾ, ಪಿತ್ತನಾಳ ಮುಚ್ಚಿದೆ ಎಂದರು. ಎರಡು ತಿಂಗಳು ತುಂಬುವ ಹೊತ್ತಿಗೆ ಬೆಂಗಳೂರಿನಲ್ಲಿ ಕಾಸಾಯ್ ಆಪರೇಷನ್, ಅಂದರೆ ಪಿತ್ತ ಇಳಿಯಲೆಂದು ಕರುಳನ್ನು ಲಿವರಿಗೆ ಜೋಡಿಸುವುದು, ಆಯಿತು. ಈಗ ಕಾದು ನೋಡೋಣ ಎನ್ನುತ್ತಾರೆ. ಏನನ್ನು ನೋಡಬೇಕು? ಯಾವುದಕ್ಕೆ ಹೆದರಬೇಕು?

ಶಿರಸಿಯ ಅಮ್ಮ:
ನನ್ನ ಮಗನಿಗೂ ಇದೇ ಆಪರೇಷನ್ ಆಗಿದೆ. ಮೊದಲು ಮಲದ ಬಣ್ಣ ನೋಡಿ, ಬಲ್ಬಿನ ಬೆಳಕಲ್ಲಿ ಅಲ್ಲ, ಹಗಲಲ್ಲಿ ಕಿಟಕಿ ಹತ್ತಿರ. ಹಳದಿ ಅಥವಾ ಹಸಿರು ಬಂದರೆ ಪಿತ್ತ ಕರುಳಿಗೆ ಇಳಿಯುತ್ತಿದೆ ಎಂದರ್ಥ. ಆಮೇಲೆ ಬಿಲಿರುಬಿನ್, ರಕ್ತ ಪರೀಕ್ಷೆಯಲ್ಲಿ ಕಾಣುವ ಕಾಮಾಲೆಯ ಅಳತೆ. ಆಪರೇಷನ್ ಆದ ಮೂರು ತಿಂಗಳೊಳಗೆ ಅದು 2ಕ್ಕಿಂತ (mg/dL) ಕೆಳಗೆ ಬಂದರೆ ಮಗು ಸ್ವಂತ ಲಿವರಿನಲ್ಲೇ ವರ್ಷಗಟ್ಟಲೆ ಇರುವ ಸಾಧ್ಯತೆ ತುಂಬಾ ಜಾಸ್ತಿ.

ಹೆದರಬೇಕಾದ್ದು ಜ್ವರಕ್ಕೆ. ಕರುಳನ್ನು ನೇರವಾಗಿ ಲಿವರಿಗೆ ಹೊಲಿದಿರುತ್ತಾರಲ್ವಾ, ಕರುಳಿನ ಕ್ರಿಮಿ ಮೇಲೆ ಹತ್ತಿ ಸೋಂಕಾಗುತ್ತದೆ, ಕೊಲಾಂಜೈಟಿಸ್ ಎನ್ನುತ್ತಾರೆ, ಪ್ರತಿ ಸಲವೂ ಲಿವರ್ ಇನ್ನಷ್ಟು ಕೆಡುತ್ತದೆ. ಜ್ವರದ ಸಿರಪ್ ಕೊಟ್ಟು ರಾತ್ರಿ ಕಳೆಯಬೇಡಿ, ಅವತ್ತೇ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಶುರುವಾಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಬೆಂಗಳೂರು, ಮಣಿಪಾಲ ಎಲ್ಲವೂ ದೂರವೇ. ಹತ್ತಿರದ ಮಕ್ಕಳ ಡಾಕ್ಟರಿಗೆ ಡಿಸ್ಚಾರ್ಜ್ ಚೀಟಿಯ ಪ್ರತಿ ಈಗಲೇ ಕೊಟ್ಟಿಡಿ.

ಕಾರವಾರದ ನರ್ಸ್:
60 ದಿನದೊಳಗೆ ಆಪರೇಷನ್ ಆದ ಮಕ್ಕಳಿಗೆ ಫಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, 90 ದಾಟಿದರೆ ಕಡಿಮೆ. ಆದರೆ ವಯಸ್ಸೊಂದೇ ಅಲ್ಲ. ಆಗಲೇ ಲಿವರ್ ಎಷ್ಟು ಗಟ್ಟಿಯಾಗಿತ್ತು, ಹೃದಯ ಅಥವಾ ಗುಲ್ಮದಲ್ಲಿ ಹುಟ್ಟು ದೋಷ ಇದೆಯಾ, ಸರ್ಜನ್ನಿಗೆ ಇದರ ಅನುಭವ ಎಷ್ಟು ಎಂಬುದೂ ಸೇರುತ್ತದೆ. ಇವೆಲ್ಲ ಈಗ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಮಗುವಿನ ತೂಕ. ಪಿತ್ತ ಕಡಿಮೆಯಾದರೆ ಕೊಬ್ಬು ಅರಗುವುದಿಲ್ಲ, ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತುವುದಿಲ್ಲ. ಕೆ ಕಡಿಮೆಯಾದರೆ ಮೆದುಳಿನಲ್ಲೂ ರಕ್ತಸ್ರಾವ ಆಗಬಹುದು. ಸುಲಭವಾಗಿ ಅರಗುವ ಎಂಸಿಟಿ ಎಣ್ಣೆಯ ಬಗ್ಗೆ ಕೇಳಿ. ಸುಮ್ನೆ ಮನೆಯಲ್ಲೇ ಎಣ್ಣೆ ಹಾಕಲು ಹೋಗಬೇಡಿ.

ಶಿರಸಿಯ ಅಮ್ಮ:
ಇನ್ನೊಂದು. ಪಿತ್ತ ಹರಿದರೂ ಕಾಯಿಲೆ ಪೂರ್ತಿ ಹೋಗುವುದಿಲ್ಲ, ಎಷ್ಟೋ ಮಕ್ಕಳಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಹೊಂದಿದರೆ ಅಪ್ಪನೋ ಅಮ್ಮನೋ ತಮ್ಮ ಲಿವರಿನ ಒಂದು ತುಂಡು ಕೊಡಬಹುದು. ಕಸಿ ಮಾಡುವ ತಂಡವನ್ನು ಈಗಲೇ ಒಮ್ಮೆ ಕಂಡಿರಿ. ಮಗು ಸೊರಗಿದ ಮೇಲೆ ಓಡಿದರೆ ಕಷ್ಟ.

ಕುಮಟಾದ ಮಾವ:
ಚೀಟಿ ತೆಗೆದು ನೋಡಿದೆ, ಎ ಮತ್ತು ಡಿ ಇದೆ, ಕೆ ಕಾಣುತ್ತಿಲ್ಲ. ಬೆಳಿಗ್ಗೆಯೇ ಫೋನ್ ಮಾಡಿ ಕೇಳುತ್ತೇನೆ.