ಬೀದರಿನ ಚರಿತ್ರೆಯನ್ನು ಮಕ್ಕಳಿಂದ ಕಾಮಿಕ್ಸ್ ಮಾಡಿಸಿದ್ದೀರಾ? ಅನುಭವ ಹೇಳಿ

ಏಳನೇ ಕ್ಲಾಸಿನ ಮಕ್ಕಳಿಗೆ ನಮ್ಮೂರಿನ ಚರಿತ್ರೆಯನ್ನು ಕಾಮಿಕ್ಸ್ ಮಾಡಿಸಿ ಕಲಿಸಬೇಕು ಅಂತಿದ್ದೇನೆ. ನನಗಂತೂ ಚಿತ್ರ ಬರೆಯೋಕೆ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಮಾಡಿಸಿದ್ದೇನೆ ಮೇಡಂ. ಮೊದಲ ಸಲ ಪೂರ್ತಿ ಕೆಟ್ಟಿತು. ಬಹಮನಿ ಪಾಠ ಕೊಟ್ಟು "ಇದನ್ನೇ ಬರೆಯಿರಿ" ಅಂದುಬಿಟ್ಟೆ. ಎಲ್ಲ ಚೌಕದಲ್ಲೂ ಒಬ್ಬ ರಾಜ ನಿಂತು, "ನಾನು ಅಹ್ಮದ್ ಶಾ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದೆ" ಅಂತ ಪಾಠ ಒಪ್ಪಿಸುತ್ತಿದ್ದ!

ಎರಡನೇ ಸಲ ರಾಜವಂಶ ಬಿಟ್ಟು ಒಂದು ಕಾಗದ ಹಿಡಿದೆ. ಬಹಮನಿ ಸುಲ್ತಾನರ ಪ್ರಧಾನಮಂತ್ರಿ ಮಹಮೂದ್ ಗವಾನನ ಮೊಹರಿದ್ದ ಕಾಗದ. ಆಗದವರು ಅದರ ಮೇಲೆ, ಅವನೇ ಒಡಿಶಾ ರಾಜನಿಗೆ ದಂಡೆತ್ತಿ ಬಾ ಅಂತ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಶಾ ನಂಬಿದ. 1481ರಲ್ಲಿ ಗವಾನನ ತಲೆ ಹೋಯಿತು. ಇದು ಆರೇ ಚೌಕದಲ್ಲಿ ಮುಗಿಯಬೇಕು ಅಂದೆ. ಯಾವ ಚೌಕದಲ್ಲಿ ಏನು ಅಂತ ಜಗಳ ಶುರುವಾಯಿತು ನೋಡಿ. ಒಬ್ಬಳು ಕೇಳಿದಳು, "ಸರ್, ಅಂವಾ ಖರೇನೇ ಬರದಾನೇನು ಅಂತ ಸುಲ್ತಾನ ಯಾಕ ವಿಚಾರ ಮಾಡ್ಲಿಲ್ರಿ?" ಪಾಠ ಓದಿಸಿದಾಗ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಅವಳು ಐದನೇ ಚೌಕದ ತುಂಬ ಮೊಹರು ಬರೆದು, ಮಾತಿನ ಬಲೂನನ್ನು ಖಾಲಿ ಬಿಟ್ಟಳು.

ಆಮೇಲೆ ಗವಾನನೇ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಕರ್ಕೊಂಡು ಹೋದೆ. ಇಡೀ ಕಟ್ಟಡ ಬರೆಸಬೇಡಿ, ಮಕ್ಕಳು ಸೋತು ಹೋಗ್ತಾರೆ. ಒಬ್ಬೊಬ್ಬರಿಗೆ ಗೋಡೆಯಲ್ಲಿ ಉಳಿದಿರುವ ಒಂದೊಂದು ಬಣ್ಣದ ಬಿಲ್ಲೆ ಸಾಕು. ಮನುಷ್ಯರಿಗೆ ಕಡ್ಡಿ ಗೊಂಬೆ ನಡೆಯುತ್ತೆ, ನಿಮಗೆ ಚಿತ್ರ ಬರಬೇಕಿಲ್ಲ.

ಉತ್ತರ 2
ನಾವು ಬಿದ್ರಿ ಕೆಲಸ ತಗೊಂಡೆವು, ಅಂದರೆ ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಕಲೆ. ಎರಕ, ಕೆತ್ತನೆ, ಬೆಳ್ಳಿ ತಂತಿ ಕೂರಿಸುವುದು, ಚೌಕಕ್ಕೊಂದು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನೋ ಉಪ್ಪು ಹಾಕಿದ ನೀರು. ಸತು-ತಾಮ್ರದ ಮೈ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತೆ. ಬಣ್ಣ ಬೇಕಿಲ್ಲ, ಕಪ್ಪು ಪೆನ್ನು ಸಾಕು. ಒಬ್ಬ ಹುಡುಗ ಹೂಜಿಯ ಬಳ್ಳಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಗೀಚಿ ಗೀಚಿ ರೀಫಿಲ್ಲೇ ಖಾಲಿ ಮಾಡಿದ.

ಉತ್ತರ 3
ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿ ಇದೆಯಲ್ಲ, ಅಲ್ಲಿನ ಸ್ತೂಪದ ಕಲ್ಲಿನಲ್ಲಿ ಅಶೋಕನ ಚಿತ್ರ ಕೆತ್ತಿ, ಜೊತೆಗೇ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' (ಅಶೋಕ ರಾಜ) ಅಂತ ಹೆಸರು ಹಾಕಿದ್ದಾರೆ. ಚಿತ್ರ, ಅದಕ್ಕೊಂದು ಬರಹ. ಕಾಮಿಕ್ಸ್ ಅಂದರೆ ಇದೇ ಅಲ್ವಾ? ಮೊದಲ ದಿನ ಅದರ ಫೋಟೋ ತೋರಿಸಿ.

ಕೇಳಿದವರು
ಥ್ಯಾಂಕ್ಸ್. ಗವಾನನ ಕಾಗದದಿಂದಲೇ ಶುರು ಮಾಡ್ತೇನೆ. ಬಲೂನಿನಲ್ಲಿ ಪುಸ್ತಕದ ಕನ್ನಡ ಬರೆಸಲೋ, ನಮ್ಮ ಮಾತೋ?

ಉತ್ತರ 1
ನಮ್ಮ ಮಾತೇ ಬರೆಸಿ. ಸುಲ್ತಾನ "ಹೌದೇನ್ರಿ?" ಅಂದರೆ ಮಕ್ಕಳು ನಗ್ತಾರೆ, ನಗಲಿ. ಇಸವಿ ಮಾತ್ರ ಪುಸ್ತಕ ನೋಡಿಯೇ ಹಾಕಿಸಿ.