ಅಮ್ಮನನ್ನು ಉಗಾಂಡಾಗೆ ಕರೆದುಕೊಂಡು ಹೋಗಬಹುದಾ?

ಮಂಡ್ಯದ ಅಕ್ಕ:
ನನ್ನ ತಮ್ಮ ಉಗಾಂಡಾದ ಜಿಂಜಾ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕಬ್ಬಿನ ಗದ್ದೆಗಳ ನಡುವೆ ಕ್ವಾರ್ಟರ್ಸ್. ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಅಂತಾನೆ, ಅಮ್ಮ ನಂಬುವುದಿಲ್ಲ. ಒಂದು ಸಲ ಕಣ್ಣಾರೆ ನೋಡಬೇಕು ಅಂತ ಹಟ. ಅಮ್ಮನಿಗೆ 66, ಬಿಪಿ ಇದೆ. ಜನವರಿಯಲ್ಲಿ ಹೊರಡುವ ಯೋಚನೆ. ಇಂಜೆಕ್ಷನ್, ಊಟ, ಓಡಾಟದ ಬಗ್ಗೆ ಅಲ್ಲಿದ್ದವರು ಹೇಳುತ್ತೀರಾ?

ಜಿಂಜಾದಲ್ಲಿದ್ದವಳು:
ಖಂಡಿತ ಕರೆದುಕೊಂಡು ಹೋಗಿ. ಆದರೆ ಟಿಕೆಟ್ ತೆಗೆಯುವ ಮೊದಲು ಡಾಕ್ಟರನ್ನು ನೋಡಿ. ಉಗಾಂಡಾಗೆ ಯೆಲ್ಲೋ ಫೀವರ್ ಇಂಜೆಕ್ಷನ್ ಕಡ್ಡಾಯ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ಅಪರೂಪಕ್ಕೆ ದೊಡ್ಡ ತೊಂದರೆ ಆಗುವುದುಂಟು. ಹಾಗಾಗಿ ಅಮ್ಮನ ವಿಷಯ ಡಾಕ್ಟರೇ ನಿರ್ಧರಿಸಬೇಕು. ಸರ್ಕಾರ ಗುರುತಿಸಿದ ಕೇಂದ್ರದಲ್ಲಷ್ಟೇ ಹಾಕುತ್ತಾರೆ. ಹಾಕಿಸಿಕೊಂಡ 10 ದಿನದ ಮೇಲೆ ಸರ್ಟಿಫಿಕೇಟ್ ನಡೆಯುತ್ತದೆ, ಆಮೇಲೆ ಜೀವನಪೂರ್ತಿ. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು 6 ದಿನದವರೆಗೆ ಬೇರೆ ಇಡಬಹುದು.

ಜನವರಿ ಒಳ್ಳೆಯದು, ಮಳೆ ಕಡಿಮೆ. ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದು, ರಾಜಧಾನಿ ಕಂಪಾಲಾದ ಟ್ರಾಫಿಕ್ ದಾಟಿ ಜಿಂಜಾ ಸೇರಬೇಕು. ಹಗಲು ಹೊತ್ತಲ್ಲೇ ಹೊರಡಿ. ಬೋಡಾಬೋಡಾ ಅಂತ ಬಾಡಿಗೆ ಬೈಕು ಎಲ್ಲೆಲ್ಲೂ ಸಿಗುತ್ತದೆ, ಅಮ್ಮನನ್ನು ಹತ್ತಿಸಬೇಡಿ.

ರಾಗಿ ಹಿಟ್ಟು ಹೊತ್ತುಕೊಂಡು ಹೋಗಬೇಡಿ! ರಾಗಿಯ ತವರೇ ಪೂರ್ವ ಆಫ್ರಿಕಾ. ಸಂತೆಯಲ್ಲಿ ಹಿಟ್ಟು ಸಿಗುತ್ತದೆ. ಮರಗೆಣಸಿನ ಹಿಟ್ಟು ಬೆರೆಸಿದ್ದೂ ಇರುತ್ತದೆ, ಕೇಳಿ ತಗೊಳ್ಳಿ. ನಮ್ಮತ್ತೆ ಅಲ್ಲಿ ದಿನಾ ಮುದ್ದೆ ಮಾಡುತ್ತಿದ್ದರು. ಪಕ್ಕದ ಮನೆಯಾಕೆ ಬೇಯಿಸಿದ ಬಾಳೆಕಾಯಿಗೆ ಕಡಲೇಕಾಯಿ ಗೊಜ್ಜು ಹಾಕಿ ಕಳಿಸುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಬರದಿದ್ದರೂ ಇಬ್ಬರೂ ಜಗಲಿಯಲ್ಲಿ ಕೂತು ಕಡಲೇಕಾಯಿ ಬಿಡಿಸುತ್ತಿದ್ದರು. ಅಲ್ಲಿನ ಹೆಣ್ಣುಮಕ್ಕಳು ಹಿರಿಯರಿಗೆ ಮಂಡಿಯೂರಿ ನಮಸ್ಕಾರ ಹೇಳುತ್ತಾರೆ. ಅಮ್ಮನಿಗೆ ಮೊದಲೇ ತಿಳಿಸಿ, ಇಲ್ಲಾಂದ್ರೆ ಗಾಬರಿಯಾಗುತ್ತಾರೆ.

ಸಫಾರಿ ಗಿಫಾರಿ ಅಂತ ಸುಸ್ತು ಮಾಡಬೇಡಿ. ತಮ್ಮನ ಮನೆಯಲ್ಲೇ ಇರಿ. ಅವನು ಶಿಫ್ಟ್ ಮುಗಿಸಿ ಬಂದು ಉಣ್ಣುವುದನ್ನು ಅಮ್ಮ ನೋಡಬೇಕು, ಅಷ್ಟೇ ಅಲ್ವಾ? ಒಂದು ದಿನ ನೈಲ್ ನದಿ ಹುಟ್ಟುವ ಜಾಗಕ್ಕೆ ಹೋಗಿ. ಗಾಂಧೀಜಿ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಅಲ್ಲಿ ಬಿಟ್ಟಿದ್ದರು. ಅವರ ಪ್ರತಿಮೆ ಇದೆ.

ನರ್ಸ್, ಹಾಸನ:
ಮಲೇರಿಯಾ ಮರೆಯಬೇಡಿ. ಅದು ಬರದಂತೆ ಹೊರಡುವ ಮೊದಲೇ ಮಾತ್ರೆ ಶುರು ಮಾಡಬೇಕು, ಊರಿಗೆ ವಾಪಸ್ ಬಂದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ನುಂಗಬೇಕು. ಅಮ್ಮನ ಬಿಪಿ ಮಾತ್ರೆ ಜೊತೆ ಯಾವುದು ಆಗುತ್ತದೆ ಅಂತ ಡಾಕ್ಟರನ್ನೇ ಕೇಳಿ. ಬಿಪಿ ಮಾತ್ರೆ ಪೂರ್ತಿ ಒಯ್ಯಿರಿ, ಚೀಟಿ ಸಮೇತ ಕೈಚೀಲದಲ್ಲಿ. ಜಿಂಜಾ ಪಕ್ಕದ ವಿಕ್ಟೋರಿಯಾ ಸರೋವರದ ನೀರಿಗೆ ಇಳಿಯಬೇಡಿ. ಚರ್ಮದ ಮೂಲಕ ಮೈಯೊಳಗೆ ಹೋಗುವ ಹುಳು ಇರುತ್ತದೆ. ವಾಪಸ್ ಬಂದಮೇಲೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಉಗಾಂಡಾಗೆ ಹೋಗಿದ್ದೆವು ಅಂತ ಹೇಳಿ.

ಮಂಡ್ಯದ ಅಕ್ಕ:
ತುಂಬಾ ಥ್ಯಾಂಕ್ಸ್. ಇಂಜೆಕ್ಷನ್‌ಗೆ ವಯಸ್ಸಿನ ವಿಷಯ ಯಾರೂ ಹೇಳಿರಲಿಲ್ಲ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಅವರು ಬೇಡ ಅಂದರೆ ತಮ್ಮನನ್ನೇ ರಜೆ ಹಾಕಿಸಿ ಕರೆಸುತ್ತೇನೆ.